ಹೊಗೆ ಹಾಕುವ ಮುನ್ನ



ಬಾವಲಿಯೆಂದರೆ ನಮ್ಮಲ್ಲಿ ಯಾರಿಗೂ ಪ್ರೀತಿಯಿಲ್ಲ. ಮನೆ ಹೊಕ್ಕರೆ ಅಪಶಕುನ, ತೋಟ ಹೊಕ್ಕರೆ ನಷ್ಟ. ಪಾಳುಬಾವಿ, ಮರದ ಪೊಟರೆ, ಹಳೆಯ ಗೋದಾಮು, ಎಲ್ಲಿ ಕಂಡರೂ ಹೊಗೆ ಹಾಕಿ ಓಡಿಸುವುದು ವಾಡಿಕೆ. ಈ ವಾಡಿಕೆಯನ್ನು ಕುರಿತು ಎರಡು ಮಾತು ಹೇಳಬೇಕೆಂದಿದ್ದೇವೆ.

ನಮ್ಮ ದೇಗಾಂವದ ಪಶ್ಚಿಮಕ್ಕೆ, ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಬಳಿ ಬಾರಾಪೇಡೆ ಎಂಬ ಗುಹೆಯಿದೆ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1911ರಲ್ಲಿ ದೇಶದ ಸಸ್ತನಿಗಳ ಸಮೀಕ್ಷೆಯನ್ನು ಆರಂಭಿಸಿದ್ದರು. ಆ ದಿನಗಳಲ್ಲಿ ಈ ಗುಹೆಯಲ್ಲಿ ಸಿಕ್ಕ ಬಾವಲಿಯೊಂದನ್ನು ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸರು ಪರೀಕ್ಷಿಸಿ, ಅದು ಅದುವರೆಗೆ ಯಾರೂ ವರ್ಣಿಸದ ಜಾತಿಯೆಂದು 1913ರಲ್ಲಿ ಪ್ರಕಟಿಸಿದರು. ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರನ್ನು ಅದಕ್ಕಿಟ್ಟರು. ದೊಡ್ಡ ಕಿವಿ, ತೊಗಲಿನಿಂದಾಚೆ ಇಲಿಯ ಬಾಲದಂತೆ ಚಾಚಿಕೊಂಡ ಬಾಲ, ಇವು ಅದರ ಗುರುತು. ಅದು ಕೀಟಾಹಾರಿ.

ಮುಂದೆ ಹಲವು ದಶಕಗಳ ಕಾಲ, ಇಡೀ ಭೂಮಂಡಲದಲ್ಲಿ ಈ ಬಾವಲಿಗೆ ಗೊತ್ತಿದ್ದ ಮನೆ ಬಾರಾಪೇಡೆ ಒಂದೇ! 2000ದ ಸುಮಾರಿಗೆ ಕಾಂಬೋಡಿಯದಲ್ಲಿಯೂ, ಬಳಿಕ ಮೇಘಾಲಯದಲ್ಲಿಯೂ ಕಂಡುಬಂತು. ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಅದಕ್ಕೆ ದೊರೆತಿದೆ. 2011ರಲ್ಲಿ ಭೀಮಗಡ ಅಭಯಾರಣ್ಯವೂ ಆಯಿತು.

ಯಾರಾದರೊಬ್ಬರು ಆ ಗುಹೆಗೆ ಒಂದು ಹೊರೆ ಸೊಪ್ಪು ತುಂಬಿ ಬೆಂಕಿ ಇಟ್ಟಿದ್ದರೆ ಏನಾಗುತ್ತಿತ್ತು? ಏನು ಕಳೆದುಕೊಂಡೆವೆಂಬುದು ಕೂಡ ನಮಗೆ ತಿಳಿಯುತ್ತಿರಲಿಲ್ಲ. ಈ ಬಾವಲಿ ಒಂದು ಸೂಲಿಗೆ ಹಾಕುವುದು ಒಂದೇ ಮರಿ. ಒಮ್ಮೆ ಹಾಳಾದ ನೆಲೆ ಬೇಗನೆ ತುಂಬಿಕೊಳ್ಳುವಂಥದಲ್ಲ.

ಅಪರೂಪದ್ದು ಕಾಡಿನಲ್ಲಿರಲಿ, ತೋಟದ ಬಾವಲಿಯ ಗತಿಯೇನು ಎಂದು ಸದಸ್ಯರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಬಾವಲಿಗಳಲ್ಲಿ ಎರಡು ಬಗೆ. ಹಣ್ಣು ತಿನ್ನುವುದು ಹಣ್ಣಡಿಕೆಯ ಸಿಪ್ಪೆಯ ರಸ ಹೀರಿ ಕಾಯನ್ನು ಕೆಡವುತ್ತದೆ. ಮಲೆನಾಡಿನಲ್ಲಿ ಆ ಅಡಿಕೆಯನ್ನು ಆಯ್ದು ಒಣಗಿಸುವವರಿದ್ದಾರೆ. ನಷ್ಟವಿಲ್ಲವೆಂದು ನಾವು ಹೇಳುವುದಿಲ್ಲ, ಆದರೆ ಫಸಲೆಲ್ಲ ಹೋಯಿತೆಂಬ ಕೂಗು ಅತಿಯಾಯಿತು. ಹುಳು ತಿನ್ನುವ ಬಾವಲಿ ಇನ್ನೊಂದು ಬಗೆ. ಅದು ನಮ್ಮ ಒಂದು ಕಾಯನ್ನೂ ಮುಟ್ಟದು. ಕಾಫಿಯ ಬಿಳಿ ಕಾಂಡಕೊರಕದ ದುಂಬಿ ಹಗಲು ಬಿಸಿಲಿನಲ್ಲಿ ಹಾರುವಂಥದು, ಅದನ್ನು ಬಾವಲಿ ನಿವಾರಿಸೀತೆಂದು ಆಸೆ ಹುಟ್ಟಿಸಲಾರೆವು. ಆದರೆ ಅಡಿಕೆಯ ಬೇರುಹುಳುವಿನ ದುಂಬಿ ಮುಂಗಾರಿನ ಮೊದಲ ಮಳೆ ಬಿದ್ದಮೇಲೆ ಮುಸ್ಸಂಜೆಗೆ ಮಣ್ಣಿನಿಂದೇಳುತ್ತದೆ. ಬಾವಲಿ ಬೇಟೆಗೆ ಹೊರಡುವುದೂ ಆ ಹೊತ್ತಿಗೇ.

1972ರ ಕಾಯಿದೆಯು ಹಣ್ಣು ತಿನ್ನುವ ಬಾವಲಿಯನ್ನು ಇಲಿ, ಕಾಗೆಗಳೊಂದಿಗೆ ಪೀಡೆಯ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಹೋಯಿತು. ಕಾನೂನು ಬದಲಾಗಿದೆ, ನಮ್ಮ ರೂಢಿ ಬದಲಾಗಿಲ್ಲ.

2018ರಲ್ಲಿ ಕೇರಳದಲ್ಲಿ ನಿಪಾ ಜ್ವರ ಬಂದ ಮೇಲೆ ಭಯ ಹೆಚ್ಚಿದೆ. ಎಚ್ಚರ ಬೇಕು: ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ಅದು ಕೆಡವಿದ ಅಡಿಕೆಯನ್ನು ಕೈಗವಸು ತೊಟ್ಟು ಆಯಬೇಕು, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಆದರೆ ಗೂಡಿಗೆ ಹೊಗೆ ಹಾಕಿದರೆ ಅವು ಚೆದರಿ ಅಕ್ಕಪಕ್ಕದ ತೋಟ ಸೇರುತ್ತವೆಯೇ ಹೊರತು ಭಯ ತಪ್ಪುವುದಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟೇ. ಹೊಗೆ ಹಾಕುವ ಮುನ್ನ ಒಂದು ಸಂಜೆ ದೂರದಲ್ಲಿ ನಿಂತು ನೋಡಿರಿ. ನೆಲದಲ್ಲಿ ಬಿದ್ದಿರುವುದು ಹಣ್ಣಿನ ಸಿಪ್ಪೆಯೋ, ದುಂಬಿಯ ರೆಕ್ಕೆಯೋ ಗಮನಿಸಿರಿ. ರೆಕ್ಕೆಯಾದರೆ, ಅಲ್ಲಿ ನೇತಾಡುತ್ತಿರುವುದು ನೀವು ಸಂಬಳ ಕೊಡದ ಆಳು. ಅದನ್ನು ಅದರ ಪಾಡಿಗೆ ಬಿಡಿರಿ. ಕಂಡದ್ದನ್ನು ಸಂಘದ ಕಚೇರಿಗೆ ಒಂದು ಕಾಗದದಲ್ಲಿ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವೆವು.