ಅಟ್ಟದ ಮೇಲಿನ ಮರದ ಕ್ಯಾಮರಾ

ಕಳೆದ ತಿಂಗಳು ಕಂಪ್ಲಿಯ ಪೇಟೆಗೆ ಹೊರಗಿನ ಒಬ್ಬ ವ್ಯಾಪಾರಿ ಬಂದಿದ್ದ. ಹಳೆಯ ಬೀಗ, ತೊಟ್ಟಿಲು, ಗ್ರಾಮಾಫೋನು, ಏನಿದ್ದರೂ ಕೊಳ್ಳುತ್ತೇನೆಂದ. ನಮ್ಮ ಪರಿಚಯದ ಫೋಟೋಗಾರರೊಬ್ಬರ ಅಟ್ಟದಲ್ಲಿ ಅವರ ತಂದೆಯ ಕಾಲದ ಮರದ ಕ್ಯಾಮರಾ ಇತ್ತು. ಹಿತ್ತಾಳೆಯ ತಿರುಪು, ಮಡಿಕೆ ಮಡಿಕೆಯಾದ ಚರ್ಮದ ತಿದಿ, ಮುಕ್ಕಾಲಿ, ಕಪ್ಪು ಬಟ್ಟೆ ಎಲ್ಲವೂ ಇದ್ದವು. "ಇದು ಸೌದೆ ಸ್ವಾಮೀ, ಹಿತ್ತಾಳೆಯ ತೂಕಕ್ಕೆ ಕೊಡುತ್ತೇನೆ" ಎಂದನಂತೆ. ಬರೀ ಸೌದೆಗಾಗಿ ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ?

2010ರಲ್ಲಿ ವಿಯೆನ್ನಾದ ಹರಾಜಿನಲ್ಲಿ 1839ರ ಒಂದು ಮರದ ಪೆಟ್ಟಿಗೆ ಕ್ಯಾಮರಾ 7 ಲಕ್ಷ 32 ಸಾವಿರ ಯುರೋಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಆಗ ಅದು ನಾಲ್ಕು ಕೋಟಿ ರೂಪಾಯಿಗೂ ಮೇಲು. ಪ್ಯಾರಿಸಿನ ಜಿರೂ ಎಂಬವನು ಮಾಡಿದ್ದು, ಅದರ ಮೇಲೆ ಡಗೇರನ ಸಹಿ. ಇದನ್ನು ಓದಿ ಯಾರೂ ಅಟ್ಟ ಹತ್ತಿ ಕೋಟಿ ಎಣಿಸಬೇಡಿರಿ. ಸ್ಟುಡಿಯೋಗಳಿಗೆಂದು ಸಾವಿರಗಟ್ಟಲೆ ತಯಾರಾದ ಕ್ಯಾಮರಾಗಳಿಗೆ ಅಂಥ ಬೆಲೆ ಎಲ್ಲಿಯೂ ಇಲ್ಲ. ಆದರೆ ಹಿತ್ತಾಳೆಯ ತೂಕದ ಬೆಲೆಯೂ ಅದರದಲ್ಲ. ತಯಾರಕನ ಹೆಸರಿನ ತಗಡು, ಮೂಲದ ಲೆನ್ಸು, ಪ್ಲೇಟು ಹಾಕುವ ಚೌಕಟ್ಟು, ಇವೆಲ್ಲ ಜೊತೆಯಲ್ಲಿದ್ದರೆ ಒಂದು ಬೆಲೆ. ಲೆನ್ಸು ಬಿಚ್ಚಿ ಮಾರಿದ ಮೇಲೆ ಬೇರೆಯೇ ಬೆಲೆ. ಹೊಳಪು ಬರಲೆಂದು ವಾರ್ನಿಷು ಬಳಿದರೆ ಇದ್ದ ಬೆಲೆಯೂ ಹೋಯಿತು. ದಲ್ಲಾಳಿಗೆ ಇದೆಲ್ಲ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅವನ ಲಾಭವೆಲ್ಲ ಈ ಅಂತರದಲ್ಲಿದೆ. ಹತ್ತಿ ಮಾರಿದವರಿಗೆ ಈ ಲೆಕ್ಕ ಹೊಸದಲ್ಲ. ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ತಡೆದಿದೆ ಎಂಬುದನ್ನೂ ವ್ಯಾಪಾರಿಯ ಎದುರು ಒಮ್ಮೆ ಹೇಳಿ ನೋಡಿರಿ.

ಕ್ಯಾಮರಾಗಳೆಲ್ಲ ಸೀಮೆಯಿಂದಲೇ ಬಂದವೆಂದು ತಿಳಿಯುವುದು ತಪ್ಪು. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕರುಣಾಕರನ್ ಎಂಬವರು ತೇಗದ ಮರದಲ್ಲಿ 'ವಾಗೀಶ್ವರಿ' ಕ್ಯಾಮರಾ ಕಟ್ಟಿದರು. ಅವರದು ವಾದ್ಯ ರಿಪೇರಿಯ ಮನೆತನ. ಹಾರ್ಮೋನಿಯಮ್ಮಿನ ತಿದಿ ಬಲ್ಲ ಕೈ ಕ್ಯಾಮರಾದ ತಿದಿಯನ್ನೂ ಹೊಲಿಯಿತು. ಆ ಕ್ಯಾಮರಾ ದೇಶದ ಎಷ್ಟೋ ಸ್ಟುಡಿಯೋಗಳನ್ನು ಸೇರಿತು. ನಮ್ಮ ಫೋಟೋಗಾರರ ಪೆಟ್ಟಿಗೆಯಲ್ಲಿ ಹೆಸರಿನ ತಗಡು ಕಿತ್ತು ಹೋಗಿದೆ, ಎರಡು ಮೊಳೆಯ ಗುರುತು ಮಾತ್ರ ಉಂಟು.

ಇಷ್ಟು ಹೇಳಿದರೂ ನಮಗೆ ಕ್ಯಾಮರಾದ ಚಿಂತೆಗಿಂತ ಪ್ಲೇಟುಗಳ ಚಿಂತೆ ಹೆಚ್ಚು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಗೆ ದೊಡ್ಡ ಕ್ಯಾಮರಾ ತಂದು ಮೇಣ ಹಚ್ಚಿದ ಕಾಗದದ ಮೇಲೆ ಚಿತ್ರ ತೆಗೆದ. ಕಾಗದವೇ ಹೆಚ್ಚುಕಡಿಮೆ ಒಂದು ಮೊಳ. ಪೆಟ್ಟಿಗೆ ಅದಕ್ಕಿಂತ ದೊಡ್ಡದು. ಬಂಡೆಗಳ ನಡುವೆ ಅದನ್ನು ಹೊತ್ತವರ ಹೆಸರನ್ನು ನಾವು ಎಲ್ಲಿಯೂ ಓದಿಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರವಿತ್ತು. ಈಗ ಅದಿಲ್ಲ, ಹೇಗಿತ್ತೆಂದು ಅವನ ಚಿತ್ರ ತೋರಿಸುತ್ತದೆ. ಕ್ಯಾಮರಾ ಏನಾಯಿತೋ, ಚಿತ್ರ ಉಳಿಯಿತು.

ದೊರೆಗಳ ಊರಿಗೆ ಒಬ್ಬ ಗ್ರೀನ್‌ಲಾ ಸಿಕ್ಕಿದ. ಕಂಪ್ಲಿ, ಹೊಸಪೇಟೆ, ಸಂಡೂರಿನ ದುಡಿಯುವವರಿಗೆ ಸಿಕ್ಕವರು ಬೀದಿಬದಿಯ ಈ ಫೋಟೋಗಾರರೇ. ಬೆಲೆಯಿಲ್ಲವೆಂದು ಗಾಜಿನ ಪ್ಲೇಟುಗಳನ್ನು ತೊಳೆದು ಪಟಕ್ಕೆ ಕಟ್ಟು ಹಾಕಿಸಿದವರು ಉಂಟು. ಪುರಸಭೆಯವರು ವಾಚನಾಲಯದಲ್ಲಿ ಒಂದು ಕಪಾಟು ಬಿಡಲಿ. ಯಾರ ಮನೆಯಲ್ಲಿ ಏನಿದೆಯೆಂದು ಪಟ್ಟಿ ಮಾಡುವ ಕೆಲಸಕ್ಕೆ ನಾವು ಸಿದ್ಧ. ಕ್ಯಾಮರಾ ಮಾರಲೇಬೇಕಾದ ಬಡತನವಿದ್ದರೆ ಮಾರಲಿ, ಯಾರೂ ದೂರುವುದಿಲ್ಲ. ನಾಲ್ಕು ಕಡೆ ಬೆಲೆ ಕೇಳಿ ಮಾರಲಿ. ಪ್ಲೇಟುಗಳನ್ನು ಮಾತ್ರ ಅದರ ಜೊತೆ ಕೊಡದಿರಲಿ.

ನಮ್ಮ ಫೋಟೋಗಾರರು ಇನ್ನೂ ಮಾರಿಲ್ಲ. ಮೊನ್ನೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಒಂದು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅಕ್ಕಿ ಗಿರಣಿಯ ಅಂಗಳದಲ್ಲಿ ಮೂರು ಸಾಲು ಕೂಲಿಗಳು, ಮುಖವೆಲ್ಲ ಕಪ್ಪು, ಕೂದಲೆಲ್ಲ ಬಿಳಿ. ಪಕ್ಕದಲ್ಲಿದ್ದ ಹಮಾಲಿಯೊಬ್ಬರು ಬಹಳ ಹೊತ್ತು ನೋಡಿ, ಎರಡನೆಯ ಸಾಲಿನ ತುದಿಯವನು ತಮ್ಮ ತಾತನೇ ಇರಬೇಕು, ಆ ಓರೆ ರುಮಾಲು ಅವನದೇ ಎಂದರು. ಅವರ ಮನೆಯಲ್ಲಿ ತಾತನ ಬೇರೆ ಪಟವಿಲ್ಲ.