ಆಸ್ಪತ್ರೆಯ ಯಂತ್ರಪಾಲಕರು

ಆಸ್ಪತ್ರೆಯೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವವರು ವೈದ್ಯರು, ದಾದಿಯರು. ಕಟ್ಟಡದ ಹಿಂಬದಿಯಲ್ಲಿ ಎಣ್ಣೆಗೈಯಿಂದ ಕೊಳವೆಯ ತಿರುಪನ್ನು ಬಿಗಿಮಾಡುತ್ತಿರುವ ಇಂಜನಿಯರು ಯಾರ ನೆನಪಿಗೂ ಬಾರನು. ಅವನ ಕೆಲಸ ಸರಿಯಾಗಿ ನಡೆಯುವಷ್ಟು ದಿನ ಅವನೊಬ್ಬನಿರುವನೆಂಬುದೇ ತಿಳಿಯದು.

2021ನೆಯ ಇಸವಿ ಏಪ್ರಿಲ್ 21ರಂದು ನಾಸಿಕದ ಡಾಕ್ಟರ್ ಜಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಅಲ್ಲಿ ಪ್ರಾಣವಾಯುವು ಬಾರದೆ ಹೋದುದಲ್ಲ. ಬಂದುದು ತೊಟ್ಟಿಯ ಬಳಿಯಲ್ಲಿಯೇ ಸೋರಿಹೋಯಿತು. ಕೊಳವೆಗಳಲ್ಲಿ ಒತ್ತಡವು ಕುಸಿಯಿತು. ಒಳಗೆ ಅದನ್ನೇ ನಂಬಿ ಮಲಗಿದ್ದ 20ಕ್ಕೂ ಹೆಚ್ಚು ಮಂದಿ ಅಸುನೀಗಿದರು.

ಆ ವರ್ಷದ ಹಾಹಾಕಾರದ ತರುವಾಯ ಪಿ.ಎಂ. ಕೇರ್ಸ್ ನಿಧಿಯಿಂದ ದೇಶದಲ್ಲಿ 1200ಕ್ಕೂ ಮಿಕ್ಕು ಆಮ್ಲಜನಕ ಘಟಕಗಳು ಮಂಜೂರಾದುವು. ಉತ್ತಮ ಕಾರ್ಯವೇ ಸರಿ. ಆದರೆ ಈ ಯಂತ್ರದ ಸ್ವಭಾವವನ್ನು ಅಧಿಕಾರಿವರ್ಗದವರು ಸ್ವಲ್ಪ ಅರಿಯಬೇಕು. ಕಂಪ್ರೆಸರು ಗಾಳಿಯನ್ನು ಒತ್ತಿ, ಜಿಯೊಲೈಟ್ ಎಂಬ ಹರಳು ತುಂಬಿದ ಕೊಪ್ಪರಿಗೆಗಳಿಗೆ ನುಗ್ಗಿಸುವುದು; ಹರಳು ಸಾರಜನಕವನ್ನು ಹಿಡಿದಿಟ್ಟು, ನೂರಕ್ಕೆ ಸುಮಾರು 93 ಪಾಲು ಶುದ್ಧವಾದ ಆಮ್ಲಜನಕವನ್ನು ಮುಂದಕ್ಕೆ ಬಿಡುವುದು. ಈ ಹರಳಿಗೆ ತೇವವೂ ಎಣ್ಣೆಯೂ ವಿಷ. ಗಾಳಿಯನ್ನು ಒಣಗಿಸುವ ಯಂತ್ರ ಕೆಟ್ಟರೆ, ಶೋಧಕವನ್ನು ಕಾಲಕಾಲಕ್ಕೆ ಬದಲಿಸದಿದ್ದರೆ, ಘಟಕವು ಗರ್ಜಿಸುತ್ತಲೇ ಇರುವುದು, ಹೊರಬರುವ ವಾಯುವಿನಲ್ಲಿ ಮಾತ್ರ ಪ್ರಾಣವಿರದು. ಉದ್ಘಾಟನೆಯ ಶಿಲಾಫಲಕಕ್ಕೆ ಗೋಡೆಯಲ್ಲಿ ಸ್ಥಳ ದೊರೆತಷ್ಟು ಸುಲಭವಾಗಿ, ಇದನ್ನು ನೋಡಿಕೊಳ್ಳುವವನಿಗೆ ಸಿಬ್ಬಂದಿಯ ಪಟ್ಟಿಯಲ್ಲಿ ಸ್ಥಳ ದೊರೆಯುವುದಿಲ್ಲವೇಕೆ?

ಶಸ್ತ್ರಕ್ರಿಯೆಯ ಉಪಕರಣಗಳನ್ನು ಶುದ್ಧಿಮಾಡುವ ಹಬೆಪೆಟ್ಟಿಗೆಯ ಸಂಗತಿಯೂ ಹೀಗೆಯೇ. 121 ಡಿಗ್ರಿಯ ಹಬೆಯು 15 ನಿಮಿಷವಾದರೂ ಉಪಕರಣವನ್ನು ಮುಟ್ಟಬೇಕು. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ, ಒತ್ತಡದ ಮುಳ್ಳು ಸರಿಯಾದ ಅಂಕಿಯನ್ನೇ ತೋರಿಸುವುದು. ಶಾಖ ಮಾತ್ರ ಸಾಲದು. ವೈದ್ಯನು ಆ ಕತ್ತರಿಯನ್ನು ನಂಬಿ ಹಿಡಿಯುತ್ತಾನೆ. ಆ ಮುಳ್ಳಿನ ಸುಳ್ಳನ್ನು ಕಂಡುಹಿಡಿಯಬಲ್ಲವನು ಹಿಂಬದಿಯ ಆ ಇಂಜನಿಯರೇ.

ವಾರ್ಷಿಕ ಗುತ್ತಿಗೆ ಇದೆಯಲ್ಲ ಎಂದು ಕೆಲವರು ವಾದಿಸಬಹುದು. ಸೋರಿಕೆಯು ಗುತ್ತಿಗೆದಾರನ ಆಳು ದೂರದ ಪಟ್ಟಣದಿಂದ ರೈಲು ಹತ್ತಿ ಬರುವವರೆಗೆ ಕಾಯುವುದಿಲ್ಲ. ವೈದ್ಯಕೀಯ ಉಪಕರಣಗಳ ಪಾಲನೆಗಾಗಿ ಕೇಂದ್ರ ಸರ್ಕಾರದವರು 2015ರಲ್ಲಿ ಯೋಜನೆಯೊಂದನ್ನು ಆರಂಭಿಸಿದಾಗ, ರಾಜ್ಯಗಳಲ್ಲಿ ನಡೆಸಿದ ಗಣತಿಯಲ್ಲಿ ನೂರಕ್ಕೆ 13ರಿಂದ 34ರವರೆಗೆ ಉಪಕರಣಗಳು ಕೆಟ್ಟು ಕುಳಿತಿದ್ದುವು. ಕೊಳ್ಳಲು ಹಣವಿತ್ತು, ಕಾಯಲು ಆಳಿರಲಿಲ್ಲವೆಂದೇ ನಾವು ಇದರ ಅರ್ಥವನ್ನು ತಿಳಿದುಕೊಂಡಿದ್ದೇವೆ.

ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ರಾತ್ರಿಪಾಳಿಯೂ ಸೇರಿದಂತೆ ಯಂತ್ರಪಾಲಕ ಇಂಜನಿಯರುಗಳ ಖಾಯಂ ಹುದ್ದೆಗಳಿರಬೇಕು. ಸಣ್ಣಪುಟ್ಟ ಬಿಡಿಭಾಗಗಳನ್ನು ರಾಜಧಾನಿಗೆ ಬರೆದು ಕಾಯದೆ ಕೊಳ್ಳುವ ಅಧಿಕಾರ ಅವರಿಗಿರಬೇಕು. ಅಪಾಯಕರವೆಂದು ಕಂಡ ಯಂತ್ರವನ್ನು ನಿಲ್ಲಿಸಲು ಅವರ ರುಜುವೇ ಸಾಕಾಗಬೇಕು, ಮೇಲಧಿಕಾರಿ ಎಷ್ಟೇ ದೊಡ್ಡವರಾಗಿರಲಿ. ಬರುವ ಆಯವ್ಯಯದಲ್ಲಿ ಇದಕ್ಕೆ ಹಣವನ್ನು ಮೀಸಲಿಡುವಂತೆ ಮಾನ್ಯ ಆರೋಗ್ಯ ಸಚಿವರನ್ನು ಒತ್ತಾಯಪಡಿಸುತ್ತೇವೆ.