ಸಂಘದ ಲೆಡ್ಜರು ಕಂಪ್ಯೂಟರಿಗೆ: ಸಾಲ ಯಾರದೋ, ಬಾಕಿ ಯಾರದೋ ಆಗದಿರಲಿ

1980ರಲ್ಲಿ ಮಾಗಡಿ ಕಡೆಯ ಒಬ್ಬ ರೈತ ತನ್ನೂರಿನ ಸಹಕಾರ ಸಂಘಕ್ಕೆ ಷೇರು ಕಟ್ಟಿದ ಅಂತಿಟ್ಟುಕೊಳ್ಳಿ. ಆಗ ಅವನದು ಬೆಂಗಳೂರು ಜಿಲ್ಲೆ. 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರವಾಯ್ತು. 2007ರಲ್ಲಿ ರಾಮನಗರ ಜಿಲ್ಲೆಯಾಯ್ತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ರೈತ ಮನೆ ಬಿಟ್ಟು ಕದಲಲಿಲ್ಲ, ಜಿಲ್ಲೆ ಮಾತ್ರ ನಾಲ್ಕಾಯ್ತು.

ಕಾಗದದ ಲೆಡ್ಜರಿಗೆ ಇದರಿಂದ ತೊಂದರೆ ಇರಲಿಲ್ಲ. ಕಾರ್ಯದರ್ಶಿಗೆ ಆಸಾಮಿಯ ಮುಖ ಗೊತ್ತು, ಅವನಪ್ಪನ ಹೆಸರು ಗೊತ್ತು, ಹೊಲ ಎಲ್ಲಿದೆ ಅನ್ನೋದೂ ಗೊತ್ತು. ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ. ಅದು ನೋಡುವುದು ಅಕ್ಷರ ಮತ್ತು ಅಂಕಿ, ಎರಡೇ.

ಈ ಮಾತು ಈಗ ಯಾಕೆಂದರೆ, ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನೆಲ್ಲ ಒಂದೇ ಸಾಫ್ಟ್‌ವೇರ್‌ಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳು, 2,516 ಕೋಟಿ ರೂಪಾಯಿ ಎಂಬುದು ಆಗಿನ ಲೆಕ್ಕ. ಸಾಫ್ಟ್‌ವೇರ್ ಹೊಣೆ ನಬಾರ್ಡ್‌ನದು. ಕರ್ನಾಟಕದ ಸಂಘಗಳೂ ಇದರಲ್ಲಿ ಸೇರಿವೆ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಂಥ ನಾಡಿನ ಲೆಡ್ಜರುಗಳಿಗೂ ಕಾಲ ಬಂದಿದೆ. ಬರಬೇಕಾದ್ದೇ.

ಯಾವ ಸಾಫ್ಟ್‌ವೇರ್ ಅನ್ನೋದು ಮೇಲೇ ತೀರ್ಮಾನವಾಗಿದೆ, ಊರಿನವರು ಆರಿಸುವಂಥದ್ದಲ್ಲ. ಊರಿನವರು ಕಣ್ಣಿಡಬೇಕಾದ್ದು ಹಳೆಯ ಲೆಕ್ಕ ಹೊಸದಕ್ಕೆ ಹೋಗುವ ದಾರಿಯ ಮೇಲೆ. ದಾರಿ ಮೂರು. ಒಂದು, ಲೆಡ್ಜರು ನೋಡಿ ಕೈಯಲ್ಲೇ ಟೈಪು ಮಾಡುವುದು. ಎರಡು, ಎಕ್ಸೆಲ್ ಹಾಳೆಯಲ್ಲಿ ತುಂಬಿ ಒಟ್ಟಿಗೇ ಏರಿಸುವುದು. ಮೂರು, ಸಂಘದಲ್ಲಿ ಆಗಲೇ ಕಂಪ್ಯೂಟರ್ ಲೆಕ್ಕ ಇದ್ದರೆ ಹಳೆಯ ಕಡತವನ್ನು ಓದಿ ಹೊಸದಕ್ಕೆ ಕೂಡಿಸುವ ಪ್ರೋಗ್ರಾಂ ಬಳಸುವುದು. ಮೂರರಲ್ಲೂ ಹುಳುಕುಂಟು.

ಟೈಪು ಮಾಡುವವನು ಒಂದು ಸಾಲು ಬಿಟ್ಟರೆ ಕೇಳುವವರಿಲ್ಲ. ಎಕ್ಸೆಲ್ ಬಹಳ ಬುದ್ಧಿವಂತ, ಅದೇ ಅದರ ರೋಗ. ಸರ್ವೆ ನಂಬರ್ 10/2 ಅಂತ ಹೊಡೆದರೆ ಅದನ್ನು ತಾರೀಖು ಎಂದು ತಿಳಿದು ಬದಲಾಯಿಸಿಬಿಡುತ್ತದೆ. ಖಾತೆ ನಂಬರಿನ ಮುಂದಿನ ಸೊನ್ನೆ ನುಂಗುತ್ತದೆ. ಹದಿನೈದು ಅಂಕಿ ದಾಟಿದ ಸಂಖ್ಯೆಯಾದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಆ ಅಂಕಣವನ್ನು ಮೊದಲೇ ‘ಅಕ್ಷರ’ ಎಂದು ಗುರುತು ಮಾಡಿದ್ದರೆ ಈ ತಾಪತ್ರಯವಿಲ್ಲ. ಮಾಡುವವನಿಗೆ ಇದು ಗೊತ್ತಿರಬೇಕು ಅಷ್ಟೆ.

ಪ್ರೋಗ್ರಾಂ ದಾರಿಯಲ್ಲಿ ಕನ್ನಡದ್ದೇ ಒಂದು ಕಾಟ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಹೊಡೆದಿಟ್ಟ ಹೆಸರು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಯೂನಿಕೋಡಿಗೆ ಸರಿಯಾಗಿ ಪರಿವರ್ತಿಸದಿದ್ದರೆ ಒತ್ತಕ್ಷರ, ಅರ್ಕಾವತ್ತು ಹಾರಿಹೋಗುತ್ತವೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಅವು ಬೇರೆಬೇರೆ. ಒಂದರ ಬದಲು ಇನ್ನೊಂದನ್ನು ಒತ್ತಿದ್ದರೆ ಹುಡುಕಿದಾಗ ಹೆಸರು ಸಿಗುವುದಿಲ್ಲ, ಲೆಕ್ಕ ಕೂಡುವುದಿಲ್ಲ.

ಇದೆಲ್ಲ ಗುಮಾಸ್ತರ ತಲೆನೋವು, ನಮಗೇನು ಎನ್ನುವವರಿಗೆ 2018 ನೆನಪಿರಬೇಕು. ಚನ್ನಪಟ್ಟಣದ ಶಾಸಕರಾಗಿದ್ದ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ ಸಾಲ ಮನ್ನಾ ಘೋಷಿಸಿದರು. ಸಹಕಾರ ಸಂಘದ ಬೆಳೆ ಸಾಲದಲ್ಲಿ ಒಂದು ಲಕ್ಷದವರೆಗೆ ಮನ್ನಾ ಎಂದಾಯ್ತು. ಆದರೆ ಆಧಾರ್, ಪಡಿತರ ಚೀಟಿ, ಪಹಣಿ ಮೂರೂ ತಾಳೆಯಾಗಬೇಕಿತ್ತು. ಲೆಡ್ಜರಿನಲ್ಲಿ ತಮ್ಮಯ್ಯ, ಆಧಾರಿನಲ್ಲಿ ತಿಮ್ಮಯ್ಯ ಎಂದಿದ್ದರೆ ಆಳು ಒಬ್ಬನೇ ಎಂದು ಊರಿಗೆಲ್ಲ ಗೊತ್ತಿದ್ದೂ ಕಂಪ್ಯೂಟರ್ ಒಪ್ಪುವುದಿಲ್ಲ. ಒಂದು ಗುಣಿಸಿಗೆ ಲಕ್ಷ ರೂಪಾಯಿ ಬೆಲೆ ಬರುವುದು ಹೀಗೆ.

ಈಗಿನ ಗಂಡಾಂತರ ತಾರೀಖಿನದು. ಗಡುವಿನೊಳಗೆ ಕಟ್ಟಿದವರಿಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಗಡುವು 3/10 ಎಂದು ಬರೆದಿದೆ ಅನ್ನಿ. ನಮಗದು ಅಕ್ಟೋಬರ್ 3. ತಿಂಗಳನ್ನು ಮೊದಲು ಓದುವ ಅಮೆರಿಕದ ಪದ್ಧತಿಯ ಯಂತ್ರಕ್ಕೆ ಅದು ಮಾರ್ಚ್ 10. ಏಳು ತಿಂಗಳು ಮುಂಚೆಯೇ ರೈತ ಸುಸ್ತಿದಾರ! ಸೊನ್ನೆ ಬಡ್ಡಿ ಹೋಗಿ ನಿಜವಾದ ಬಡ್ಡಿ ಕೂರುತ್ತದೆ. ಕನಕಪುರದ ರೇಷ್ಮೆ ರೈತ ಗೂಡು ಮಾರಿ ಗಡುವಿಗೆ ಮೊದಲೇ ಬಾಕಿ ಚುಕ್ತಾ ಮಾಡಿದ್ದರೂ ಇದರಿಂದ ತಪ್ಪಿಸಿಕೊಳ್ಳಲಾರ.

“ಒಟ್ಟು ಮೊತ್ತ ತಾಳೆಯಾಗಿದೆ, ಎಲ್ಲಾ ಸರಿ ಇದೆ” ಅನ್ನುವ ಉತ್ತರ ಬರಬಹುದು. ಅದು ಅರ್ಧ ಸತ್ಯ. ಒಬ್ಬನ ಹತ್ತು ಸಾವಿರ ಇನ್ನೊಬ್ಬನ ತಲೆಗೆ ಹೋದರೂ ಒಟ್ಟು ಮೊತ್ತ ಅಷ್ಟೇ ಇರುತ್ತದೆ. ಕೂಡಿದ್ದು ಸರಿ, ಕೂಡಿಸಿಕೊಂಡವರು ಬೇರೆ. ಆದ್ದರಿಂದ ತಾಳೆ ಆಳುವಾರು ಆಗಬೇಕು: ಹೆಸರು, ತಂದೆಯ ಹೆಸರು, ಷೇರು, ಠೇವಣಿ, ಸಾಲ, ಗಡುವು, ಬಾಕಿ.

ಯಾವ ದಾರಿ ಒಳ್ಳೆಯದು ಎಂದು ಆಡಳಿತ ಮಂಡಳಿ ಕೇಳಿದರೆ ಉತ್ತರ ಸರಳ. ತಪ್ಪೇ ಇಲ್ಲ ಎಂದು ಬೀಗುವ ಸಾಧನ ಬೇಡ. ತೆಗೆದುಕೊಂಡಿದ್ದೆಷ್ಟು, ಬಿಟ್ಟಿದ್ದೆಷ್ಟು, ಬಿಟ್ಟಿದ್ದು ಯಾಕೆ ಎಂಬ ಪಟ್ಟಿ ಕೊಡುವ ಸಾಧನ ಬೇಕು. ಮೊದಲು ಐವತ್ತು ನೂರು ಸದಸ್ಯರ ಲೆಕ್ಕ ಹಾಕಿ ಪರೀಕ್ಷೆ ಮಾಡಲಿ. ಮಾರ್ಚ್ 31ರ ಲೆಕ್ಕ ಪರಿಶೋಧನೆಯಾದ ಬಾಕಿಯಿಂದ ಶುರುಮಾಡಲಿ. ಕೆಲವು ತಿಂಗಳು ಹಳೆಯ ಪುಸ್ತಕ, ಹೊಸ ಕಂಪ್ಯೂಟರ್ ಎರಡೂ ನಡೆಯಲಿ. ಕೆಲಸ ಎರಡರಷ್ಟಾಗುತ್ತದೆ, ನಿಜ. ಒಬ್ಬರೇ ಕಾರ್ಯದರ್ಶಿ ಇರುವಲ್ಲಿ ತಾತ್ಕಾಲಿಕ ನೆರವು ಕೊಡದೆ ಇದನ್ನು ಹೇರಿದರೆ ನಡೆಯುವುದಿಲ್ಲ. ಯಂತ್ರ ಕೊಳ್ಳುವ ದುಡ್ಡಿನಲ್ಲಿ ತಾಳೆ ನೋಡುವವರ ಕೂಲಿಯೂ ಸೇರಿರಬೇಕು.

ಅಂಗಡಿಯವರಿಗೂ ಇದರಲ್ಲಿ ಪಾಠವಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಯಿಸುವಾಗ ಉದ್ರಿ ಬಾಕಿಯ ಹಳೆಯ ಪಟ್ಟಿಯನ್ನು ಮೊದಲು ಕಾಗದಕ್ಕೆ ಇಳಿಸಿಕೊಳ್ಳುವುದು ಜಾಣತನ. ಗಿರಾಕಿ ಬಂದು “ನಾನು ಕೊಡಬೇಕಾದ್ದು ಇಷ್ಟಲ್ಲಣ್ಣ” ಅಂದಾಗ ತೋರಿಸಲು ಕೈಯಲ್ಲೊಂದು ಚೀಟಿ ಇರಬೇಕಲ್ಲ.

ಸಂಘದ ಸದಸ್ಯರು ಮಾಡಬೇಕಾದ್ದು ಎರಡೇ ಕೆಲಸ. ಲೆಕ್ಕ ಕಂಪ್ಯೂಟರಿಗೆ ಹೋಗುವ ಮುಂಚೆ ಪಾಸ್ ಪುಸ್ತಕ ಬರೆಸಿ ಮೊಹರು ಹಾಕಿಸಿಕೊಳ್ಳುವುದು. ಹೋದ ಮೇಲೆ ಹೊಸ ಚೀಟಿ ತೆಗೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಬಾಕಿ ಪಟ್ಟಿಯನ್ನು ಮಹಾಸಭೆಗೆ ಮೊದಲು ಓದಿ ಹೇಳಿ ಎಂದು ಕೇಳುವ ಹಕ್ಕೂ ಸದಸ್ಯರಿಗಿದೆ. ಮಹಾಸಭೆಯಲ್ಲಿ ಊಟ ಮುಗಿಸಿ ಕೈ ಎತ್ತಿ ಬಂದವರು, ನೋಟೀಸು ಮನೆಗೆ ಬಂದ ದಿನ ಯಂತ್ರವನ್ನು ಬೈದರೆ ಯಂತ್ರಕ್ಕೆ ಕೇಳಿಸುವುದಿಲ್ಲ.